ನಸುಕಿನಲ್ಲಿ ದೂರದ ಮೀಡಿಯಂ ವೇವ್ ಸ್ಟೇಷನ್ ಸಿಗುತ್ತಿಲ್ಲ, ಬರೀ ಗೊರಗೊರ. ಎಲ್ಲಿಂದ ಹುಡುಕಬೇಕು?

ಮುಂಜಾನೆ ಕೇಳುಗಿ:

ಎಲ್ಲರಿಗೂ ನಮಸ್ಕಾರ. ಮೀಡಿಯಂ ವೇವ್‌ನಲ್ಲಿ ದೂರದ ವಿದೇಶಿ ಸ್ಟೇಷನ್ ಹಿಡಿಯುವ ಆಸೆಯಿಂದ ನಸುಕಿನಲ್ಲಿ ಎದ್ದು ಕೂರುತ್ತಿದ್ದೇನೆ. ಕೈಯಲ್ಲಿರುವುದು ಡಿಎಸ್‌ಪಿ ಚಿಪ್ (ಸಿಗ್ನಲನ್ನು ಅಂಕಿಗಳಾಗಿಸಿ ಸಂಸ್ಕರಿಸುವ ಚಿಪ್) ಇರುವ ಪುಟ್ಟ ಪೋರ್ಟಬಲ್ ರೇಡಿಯೊ. ಜೊತೆಗೆ ಮರದ ಚೌಕಟ್ಟಿಗೆ ತಂತಿ ಸುತ್ತಿ, ಹಳೆ ಸೆಟ್‌ನಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಟ್ಯೂನ್ ಮಾಡುವ ಬಿಡಿಭಾಗ) ಹಾಕಿ ಮಾಡಿದ ಲೂಪ್ ಆಂಟೆನಾ ಇದೆ.

ತೊಂದರೆ ಹೀಗಿದೆ. ಕತ್ತಲಿರುವಾಗ ಬ್ಯಾಂಡ್ ತುಂಬ ದನಿಗಳು ಇರುತ್ತವೆ, ಆದರೆ ಯಾವುದೂ ಬಿಡಿಸಿ ಕೇಳುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ದೂರದ ಸ್ಟೇಷನ್‌ಗಳು ಮೇಲೆ ಬರುತ್ತವೆ ಅಂತ ಓದಿದ್ದೇನೆ. ನನಗೆ ಆಗುವುದು ಉಲ್ಟಾ. ಸರಿಯಾಗಿ ಆ ಹೊತ್ತಿಗೇ ಗೊರಗೊರ ಶಬ್ದ ಶುರುವಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಮುಖ್ಯವಾಗಿ ಹುಡುಕುತ್ತಿರುವುದು 594 ಕಿಲೋಹರ್ಟ್ಜ್‌ನಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ. ಜಪಾನ್ ನನಗೆ ಪೂರ್ವಕ್ಕೆ, ಬಹಳ ದೂರ. ಆದರೂ 300 ಕಿಲೋವ್ಯಾಟ್ ಸ್ಟೇಷನ್, ಸಿಗಬೇಕಲ್ವಾ? ಸೂರ್ಯ ಹುಟ್ಟುವ ಒಂದು ಗಂಟೆ ಮುಂಚೆಯಿಂದ ಅಲ್ಲೇ ಕಾಯುತ್ತೇನೆ. ಸುಳಿವೇ ಇಲ್ಲ. ಲೂಪ್ ಪಕ್ಕಕ್ಕೆ ತಂದರೂ ಸಿಗ್ನಲ್ ಮೀಟರ್ ಅಲ್ಲಾಡುವುದಿಲ್ಲ. ಕೆಲವು ಕಡೆ ಸಣ್ಣ ಸಿಳ್ಳೆ ಬೇರೆ. ರೇಡಿಯೊದಲ್ಲಿ ದೋಷ ಇದೆಯಾ, ಲೂಪ್‌ನಲ್ಲಾ, ಅಥವಾ ನಾನು ಕೂರುವ ಜಾಗದಲ್ಲಾ? ದಾರಿ ತೋರಿಸಿ.

ಹಳೆ ವಾಲ್ವ್:

ಕೇಳುಗಿ ಮೇಡಂ, ನೀವು ಒಂದೇ ಪೋಸ್ಟಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಹೇಳಿದ್ದೀರಿ. ಒಟ್ಟಿಗೆ ಕಟ್ಟಿ ನೋಡಿದರೆ ಯಾವುದೂ ಬಗೆಹರಿಯುವುದಿಲ್ಲ. ರೇಡಿಯೊ ಹಾಳಾಗಿರುವ ಸಾಧ್ಯತೆ ನನಗೆ ಕಾಣುವುದಿಲ್ಲ. ಮೊದಲು ಗೊರಗೊರದಿಂದ ಶುರು ಮಾಡೋಣ. ಅದು ಇರುವ ತನಕ ಬೇರೆ ಯಾವ ಪ್ರಯೋಗಕ್ಕೂ ಅರ್ಥವಿಲ್ಲ.

ರೇಡಿಯೊ ಬ್ಯಾಟರಿಯಲ್ಲಿ ಓಡಲಿ, ಚಾರ್ಜರ್ ಚುಚ್ಚಿರಬಾರದು. ಗೊರಗೊರ ಜೋರಾಗಿರುವಾಗ ಮನೆಯ ಮೇನ್ ಸ್ವಿಚ್ ಇಳಿಸಿ. ಶಬ್ದ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಆಗ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ, ಯಾವ ಕೋಣೆ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಎಲ್‌ಇಡಿ ಬಲ್ಬಿನ ಡ್ರೈವರ್, ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್, ಟಿವಿ, ಇಂಟರ್‌ನೆಟ್ ರೂಟರಿನ ಅಡಾಪ್ಟರ್. ಇವೆಲ್ಲ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೆಲಸ ಮಾಡುತ್ತವೆ. ಆ ಕತ್ತರಿಕೆಯ ಕಸ ಮೀಡಿಯಂ ವೇವ್ ಮೇಲೇ ಬಂದು ಬೀಳುತ್ತದೆ. ಟಿವಿ ರಿಮೋಟಿನಲ್ಲಿ ಆರಿಸಿದರೆ ಸಾಲದು. ಪ್ಲಗ್ ಕಿತ್ತೇ ನೋಡಬೇಕು.

ಮೇನ್ ಇಳಿಸಿದರೂ ಶಬ್ದ ಹಾಗೇ ಇದ್ದರೆ ಹೊರಗಿಂದ ಬರುತ್ತಿದೆ. ಆಗ ಎರಡು ವಿಷಯ ಬರೆದಿಡಿ. ಶಬ್ದ ಶುರುವಾಗುವ ಸಮಯ ಗಡಿಯಾರಕ್ಕೆ ಅಂಟಿಕೊಂಡಿದೆಯೋ, ಸೂರ್ಯನಿಗೆ ಅಂಟಿಕೊಂಡಿದೆಯೋ? ಮೋಡ ಕವಿದ ಬೆಳಗ್ಗೆ ವ್ಯತ್ಯಾಸ ಇದೆಯೋ? ಈ ಎರಡು ಉತ್ತರ ಬಹಳ ಹೇಳುತ್ತವೆ.

ಇನ್ನೊಂದು. ನಿಮ್ಮ ಸೆಟ್ ಮೀಡಿಯಂ ವೇವ್‌ನಲ್ಲಿ ಎಷ್ಟೆಷ್ಟು ಹೆಜ್ಜೆ ಹಾಕುತ್ತದೆ, 9 ಕಿಲೋಹರ್ಟ್ಜೋ 10ರದ್ದೋ? ದಯವಿಟ್ಟು ನೋಡಿ ಹೇಳಿ.

ಮುಂಜಾನೆ ಕೇಳುಗಿ:

ವಾಲ್ವ್ ಸರ್, ನೀವು ಹೇಳಿದ ಹಾಗೆ ಮಾಡಿದೆ. ಮೇನ್ ಇಳಿಸಿದಾಗ ಸ್ವಲ್ಪ ತಗ್ಗಿತು. ಆ ಸ್ವಲ್ಪಕ್ಕೆ ಕಾರಣ ರೂಟರಿನ ಅಡಾಪ್ಟರ್ ಅಂತ ಪತ್ತೆ ಆಯಿತು. ಆದರೆ ದೊಡ್ಡ ಗೊರಗೊರ ಹೋಗಲಿಲ್ಲ.

ಸಮಯದ ಬಗ್ಗೆ: ಅದು ಗಡಿಯಾರಕ್ಕೆ ಅಂಟಿಕೊಂಡಿಲ್ಲ. ಸೂರ್ಯ ಮೇಲೆ ಬಂದ ಸ್ವಲ್ಪ ಹೊತ್ತಿಗೆ ಶುರು. ದಟ್ಟ ಮೋಡ ಇದ್ದ ಬೆಳಗ್ಗೆ ತಡವಾಗಿ ಶುರುವಾಯಿತು, ಜೋರೂ ಕಡಿಮೆ ಇತ್ತು. ಬ್ಯಾಂಡ್ ಉದ್ದಕ್ಕೂ ಒಂದೇ ಸಮ ಇಲ್ಲ, ಅಲ್ಲಲ್ಲಿ ಗುಡ್ಡ ಎದ್ದ ಹಾಗೆ ಇದೆ.

ಸೆಟ್ 10ರ ಹೆಜ್ಜೆಯಲ್ಲಿದೆ. 594ಕ್ಕೆ ಮಾತ್ರ ಅಂಕಿ ಒತ್ತಿ ನೇರ ಹೋಗುತ್ತೇನೆ. ಉಳಿದದ್ದನ್ನು ಗುಬುಟು ತಿರುಗಿಸಿ ಹುಡುಕುವುದು.

ಹಳೆ ವಾಲ್ವ್:

ಎರಡಕ್ಕೂ ಉತ್ತರ ಸಿಕ್ಕಿತು.

ಹೆಜ್ಜೆಯ ವಿಷಯ ಸಣ್ಣದು, ಮೊದಲು ಅದನ್ನು ಮುಗಿಸುತ್ತೇನೆ. ಉತ್ತರ ಮತ್ತು ದಕ್ಷಿಣ ಅಮೆರಿಕ ಬಿಟ್ಟು ಉಳಿದ ಜಗತ್ತಿನಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 9 ಕಿಲೋಹರ್ಟ್ಜ್ ಅಂತರದಲ್ಲಿ ಕೂತಿವೆ: 531, 540, 549 ಹೀಗೆ 1602ರ ತನಕ. 1975ರ ಜಿನೀವಾ ಒಪ್ಪಂದದಲ್ಲಿ ಇದು ಗೊತ್ತಾಯಿತು, 1978ರ ನವೆಂಬರ್‌ನಿಂದ ಜಾರಿಗೆ ಬಂತು. ಅಮೆರಿಕ ಖಂಡಗಳಲ್ಲಿ 10ರ ಅಂತರ. ನೀವು 10ರ ಹೆಜ್ಜೆಯಲ್ಲಿ ಹೋದರೆ 590ರ ಮೇಲೆ ನಿಲ್ಲುತ್ತೀರಿ. ಅಲ್ಲಿ ಯಾರೂ ಇಲ್ಲ, 585 ಮತ್ತು 594 ಎರಡೂ ಅಂಚಿನಿಂದ ಒಳಗೆ ನುಗ್ಗುತ್ತವೆ. 'ಯಾವುದೂ ಬಿಡಿಸಿ ಕೇಳುವುದಿಲ್ಲ' ಅಂದಿರಲ್ಲ, ಅದರ ಬಹುಪಾಲು ಇಲ್ಲೇ ಇದೆ. ಸೆಟ್ ಅನ್ನು 9ಕ್ಕೆ ಬದಲಾಯಿಸಿ. ಇನ್ನೂ ಒಳ್ಳೆಯದು, 1 ಕಿಲೋಹರ್ಟ್ಜ್ ಹೆಜ್ಜೆ ಇದ್ದರೆ ಅದನ್ನೇ ಬಳಸಿ.

ಗೊರಗೊರ ಸೋಲಾರ್ ಇನ್ವರ್ಟರಿನದು. ಹತ್ತಿರದ ಯಾವುದೋ ಚಾವಣಿಯ ಮೇಲೆ ಸೋಲಾರ್ ಪ್ಯಾನಲ್ ಇದೆ. ಬಿಸಿಲು ಪ್ಯಾನಲ್ ಮುಟ್ಟಿದಾಗ ಇನ್ವರ್ಟರ್ ಎಚ್ಚರವಾಗುತ್ತದೆ. ಮೋಡ ಇದ್ದರೆ ತಡವಾಗಿ ಏಳುತ್ತದೆ, ಹೊರೆ ಕಡಿಮೆ ಇರುವುದರಿಂದ ಸದ್ದೂ ಕಡಿಮೆ. ಬೀದಿ ದೀಪ, ಟೈಮರ್ ಇತ್ಯಾದಿ ಆಗಿದ್ದರೆ ಮೋಡಕ್ಕೆ ಸೊಪ್ಪು ಹಾಕುತ್ತಿರಲಿಲ್ಲ.

ಈಗ ಅದು ಯಾವ ದಿಕ್ಕು ಅಂತ ಹುಡುಕಿ. ಪೋರ್ಟಬಲ್ ಒಳಗೆ ಫೆರೈಟ್ ರಾಡ್ (ತಂತಿ ಸುತ್ತಿದ ಕಾಂತೀಯ ಕಡ್ಡಿ, ಅದೇ ಒಳಗಿನ ಆಂಟೆನಾ) ಇರುತ್ತದೆ, ಸಾಮಾನ್ಯವಾಗಿ ಸೆಟ್‌ನ ಮೇಲಂಚಿನಲ್ಲಿ ಉದ್ದಕ್ಕೆ ಮಲಗಿರುತ್ತದೆ. ರಾಡಿನ ತುದಿ ಯಾವ ಕಡೆಗೆ ನೆಟ್ಟಿದೆಯೋ ಆ ದಿಕ್ಕಿನ ಸಿಗ್ನಲ್ ಸತ್ತುಹೋಗುತ್ತದೆ. ಖಾಲಿ ಫ್ರೀಕ್ವೆನ್ಸಿಯಲ್ಲಿ ನಿಂತು ರೇಡಿಯೊ ನಿಧಾನ ತಿರುಗಿಸಿ. ಗೊರಗೊರ ತಟ್ಟನೆ ಕುಸಿಯುವ ಕೋನ ಒಂದಿರುತ್ತದೆ. ಇದೇ ಕೆಲಸ ಇನ್ನೊಂದು ಜಾಗದಿಂದ ಮಾಡಿ. ಎರಡು ಗೆರೆ ಕೂಡುವಲ್ಲಿ ಇನ್ವರ್ಟರ್. ಯಾರದ್ದು ಅಂತ ಗೊತ್ತಾದರೆ ನೇರ ಹೋಗಿ ರೇಡಿಯೊ ಕೇಳಿಸಿ ಮಾತಾಡಿ. ಕಿವಿಯಾರೆ ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಕೇಬಲ್‌ಗೆ ಗಲಾಟೆ ತಡೆಯುವ ಫೆರೈಟ್ ಉಂಗುರ ಹಾಕುವ ಕೆಲಸ ಅದನ್ನು ಅಳವಡಿಸಿದ ತಂತ್ರಜ್ಞರೇ ಮಾಡಲಿ. ಪ್ಯಾನಲ್ ತಂತಿಗಳಲ್ಲಿ ನೂರಾರು ವೋಲ್ಟ್ ಡಿಸಿ ಇರಬಹುದು. ನೀವಾಗಲಿ ಅವರಾಗಲಿ ಕೈ ಹಾಕಬೇಡಿ.

ನಿಮ್ಮ ರೂಟರ್ ಅಡಾಪ್ಟರಿಗೆ ಮಾತ್ರ ನೀವೇ ಮದ್ದು ಮಾಡಬಹುದು. ಮಿಕ್ಸ್ 31 ಎಂಬ ಬಗೆಯ ಫೆರೈಟ್ ಉಂಗುರದ ಒಳಗೆ ಅದರ ತಂತಿಯನ್ನು ಎಷ್ಟು ಸುತ್ತು ಹಿಡಿಯುತ್ತದೋ ಅಷ್ಟು ಸುತ್ತಿ. ಒಂದೇ ಸಲ ತೂರಿಸಿದರೆ ಮೀಡಿಯಂ ವೇವ್‌ನಷ್ಟು ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಹೆಚ್ಚು ಉಪಯೋಗ ಆಗದು.

ಗ್ರೇಲೈನ್:

ವಾಲ್ವ್ ಸರ್ ಹೇಳಿದ್ದು ಸರಿ. ಆದರೆ ಗೊರಗೊರ ಪೂರ್ತಿ ಹೋದರೂ ಮೇಡಂಗೆ ಆ ಹೊತ್ತಿನಲ್ಲಿ 594 ಸಿಗುವುದಿಲ್ಲ. ಈ ವಿಷಯ ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಗಲಲ್ಲಿ ಭೂಮಿಯಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಡಿ ಪದರ ಇರುತ್ತದೆ. ಬಿಸಿಲಿನಿಂದ ಹುಟ್ಟುವ ಪದರ ಅದು. ಮೀಡಿಯಂ ವೇವ್ ಸಿಗ್ನಲ್ ಮೇಲಕ್ಕೆ ಹೋದರೆ ಅದನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಡಿ ಪದರ ಕರಗುತ್ತದೆ. ಆಗ ಸಿಗ್ನಲ್ ಇನ್ನೂ ಮೇಲಿನ ಇ ಮತ್ತು ಎಫ್ ಪದರ ಮುಟ್ಟಿ, ಅಲ್ಲಿಂದ ಬಾಗಿ, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಅಂದರೆ ಸ್ಟೇಷನ್‌ನಿಂದ ನಿಮ್ಮ ತನಕ ದಾರಿ ಪೂರ್ತಿ ಕತ್ತಲಲ್ಲಿ ಇರಬೇಕು.

ಈಗ ಯೋಚಿಸಿ. ಸೂರ್ಯ ಹುಟ್ಟುವುದು ಪೂರ್ವದಲ್ಲಿ. ನಿಮಗೆ ನಸುಕಾದಾಗ ನಿಮ್ಮ ಪೂರ್ವದವರಿಗೆ ಆಗಲೇ ಹಗಲು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಜಪಾನ್ ನಿಮ್ಮಿಂದ 45 ಡಿಗ್ರಿ ಪೂರ್ವಕ್ಕೆ ಇದ್ದರೆ ಅಲ್ಲಿ ಸುಮಾರು ಮೂರು ಗಂಟೆ ಮುಂಚೆಯೇ ಬೆಳಗಾಗಿರುತ್ತದೆ. ನೀವು ಕೂರುವ ಹೊತ್ತಿಗೆ 594ರ ಸಿಗ್ನಲ್ ಅಲ್ಲೇ, ಅದರ ತಲೆಯ ಮೇಲಿನ ಡಿ ಪದರದಲ್ಲೇ ಮುಗಿದುಹೋಗಿರುತ್ತದೆ. 300 ಕಿಲೋವ್ಯಾಟ್ ಇದ್ದರೂ ಅಷ್ಟೇ.

ಪೂರ್ವದ ಸ್ಟೇಷನ್ ಬೇಕಿದ್ದರೆ ನಿಮ್ಮ ಸೂರ್ಯೋದಯ ಲೆಕ್ಕಕ್ಕಿಲ್ಲ, ಅವರ ಸೂರ್ಯೋದಯ ನೋಡಿ. ಟೋಕಿಯೊದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಅಲ್ಲಿನ ಸಮಯ 6:47ರ ಸುಮಾರಿಗೆ, ಅಂದರೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಹಿಂದಿನ ದಿನ 21:47. ಜೂನ್‌ನಲ್ಲಿ 4:25ಕ್ಕೇ, ಯುಟಿಸಿ 19:25. ಒಂದೇ ಸ್ಟೇಷನ್‌ಗೆ ಎರಡು ಗಂಟೆಗೂ ಜಾಸ್ತಿ ವ್ಯತ್ಯಾಸ. ಆ ಕ್ಷಣಕ್ಕೆ ಅರ್ಧ ಗಂಟೆ ಮುಂಚೆಯಿಂದ ಕಾಯಿರಿ. ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ಸಿಗ್ನಲ್ ಒಂದು ಸಲ ಉಬ್ಬಿ ಬಂದು ಇಳಿಯುವುದು ಉಂಟು. ದಿನಾ ಆಗುವುದಿಲ್ಲ, ಆದರೆ ಆದಾಗ ನಿಮಿಷಗಳ ಮಟ್ಟಿಗೆ ಬಹಳ ಸ್ಪಷ್ಟವಾಗಿ ಕೇಳುತ್ತದೆ.

ನಿಮ್ಮ ಸ್ವಂತ ನಸುಕು ಪಶ್ಚಿಮದ ಸ್ಟೇಷನ್‌ಗಳಿಗೆ. ಅವರಿನ್ನೂ ಕತ್ತಲಲ್ಲಿದ್ದಾರೆ. ಪೂರ್ವದ ಸ್ಟೇಷನ್‌ಗಳು ಒಂದೊಂದೇ ಕಂತುವುದರಿಂದ ಅದೇ ಫ್ರೀಕ್ವೆನ್ಸಿಯಲ್ಲಿ ಅಡಗಿದ್ದ ಪಶ್ಚಿಮದ ದುರ್ಬಲ ಸ್ಟೇಷನ್ ಮೇಲೆ ಕಾಣಿಸುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕೇಳುಗರು ಬೆಳಗಿನ ಜಾವ ಕೂರುವುದು ಇದಕ್ಕೇ. ಅವರ ಪಶ್ಚಿಮಕ್ಕೆ ಪೆಸಿಫಿಕ್ ದಾಟಿ ಜಪಾನ್, ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇವೆ. ನೀವು ಹುಡುಕುತ್ತಿರುವ 594 ಅವರಿಗೆ ನಸುಕಿನ ಸ್ಟೇಷನ್. ದಕ್ಷಿಣ ಕೊರಿಯಾದ ಜೆಜು ದ್ವೀಪದ 1566 ಕೂಡ ಹಾಗೇ. ಯುರೋಪಿನ ಅಟ್ಲಾಂಟಿಕ್ ತೀರದವರು ನಸುಕಿನಲ್ಲಿ ಹುಡುಕುವುದು ಕೆನಡಾ, ಅಮೆರಿಕ.

ಇನ್ನೂ ಒಂದು ಸೂಕ್ಷ್ಮ ಇದೆ, ನನಗೆ ತುಂಬ ಇಷ್ಟವಾದದ್ದು. ದೂರದ ಸಿಗ್ನಲ್ ನಿಮ್ಮ ನೆತ್ತಿಯಿಂದ ನೇರ ಇಳಿಯುವುದಿಲ್ಲ, ಓರೆಯಾಗಿ ಬರುತ್ತದೆ. ನೆಲಕ್ಕೆ 10 ಡಿಗ್ರಿ ಕೋನದಲ್ಲಿ ಬಂತು ಅಂದುಕೊಳ್ಳಿ. ಆಗ ಅದು ಡಿ ಪದರ ದಾಟುವುದು ನಿಮ್ಮಿಂದ ಸುಮಾರು 400 ಕಿಲೋಮೀಟರ್ ಆಚೆ. ಪಶ್ಚಿಮದ ಸ್ಟೇಷನ್ ಆದರೆ ಆ ಜಾಗವೂ ಪಶ್ಚಿಮಕ್ಕೆ. ಅಲ್ಲಿ ಬೆಳಗಾಗುವುದು ಕಾಲು ಗಂಟೆಯಷ್ಟು ತಡ, ಧ್ರುವದ ಕಡೆಗೆ ಹೋದಷ್ಟೂ ಇನ್ನೂ ತಡ. ಅದಕ್ಕೇ ನಿಮ್ಮ ಕಿಟಕಿಯಲ್ಲಿ ಸೂರ್ಯ ಕಂಡ ಮೇಲೂ ಪಶ್ಚಿಮದ ಸ್ಟೇಷನ್ ಸ್ವಲ್ಪ ಹೊತ್ತು ಉಳಿಯುತ್ತದೆ. ಸೂರ್ಯ ಬಂತು ಅಂತ ರೇಡಿಯೊ ಆರಿಸಿ ಏಳಬೇಡಿ. ಬ್ಯಾಂಡಿನ ಮೇಲಿನ ತುದಿ, 1400ರಿಂದ 1602ರ ತನಕ, ಕೊನೆಗೆ ನೋಡಿ. ಡಿ ಪದರ ಕೆಳಗಿನ ಫ್ರೀಕ್ವೆನ್ಸಿಯನ್ನು ಜಾಸ್ತಿ ನುಂಗುತ್ತದೆ, ಮೇಲಿನದನ್ನು ಕಡಿಮೆ. ಹಾಗಾಗಿ ಕೆಳಗಿನ ತುದಿ ಮೊದಲು ಖಾಲಿಯಾಗುತ್ತದೆ.

ಸುತ್ತು ತಂತಿ:

ಲೂಪ್ ವಿಷಯ ನಾನು ಹೇಳುತ್ತೇನೆ. ಲೂಪ್ ಪಕ್ಕಕ್ಕೆ ತಂದರೂ ಮೀಟರ್ ಅಲ್ಲಾಡದಿದ್ದರೆ ಕಾರಣ ಮೂರರಲ್ಲಿ ಒಂದು.

ಮೊದಲನೆಯದು ರೇಡಿಯೊ ಇಟ್ಟ ರೀತಿ. ನಿಮ್ಮ ಲೂಪ್‌ಗೂ ರೇಡಿಯೊಗೂ ತಂತಿ ಸಂಪರ್ಕ ಇಲ್ಲ. ಲೂಪ್ ಹುಟ್ಟಿಸುವ ಕಾಂತಕ್ಷೇತ್ರ ಫೆರೈಟ್ ರಾಡಿನ ಉದ್ದಕ್ಕೆ ಹರಿಯಬೇಕು. ಆ ಕ್ಷೇತ್ರ ಚೌಕಟ್ಟಿನ ಕಿಂಡಿಯ ಮೂಲಕ ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ. ಆದ್ದರಿಂದ ರಾಡ್ ಕೂಡ ಕಿಂಡಿಗೆ ಎದುರಾಗಿ, ತೂರಿ ಹೋಗುವ ಹಾಗೆ ಇರಬೇಕು. ಚೌಕಟ್ಟಿಗೆ ಒರಗಿಸಿ ಇಟ್ಟರೆ ರಾಡ್ ಅಡ್ಡವಾಗುತ್ತದೆ, ಏನೂ ಸಿಗುವುದಿಲ್ಲ. ರೇಡಿಯೊವನ್ನು 90 ಡಿಗ್ರಿ ತಿರುಗಿಸಿ ನೋಡಿ. ಬಹುಶಃ ಇಷ್ಟರಲ್ಲೇ ಸರಿಹೋಗುತ್ತದೆ.

ಎರಡನೆಯದು ಲೂಪ್‌ನ ಟ್ಯೂನಿಂಗ್. ಒಳ್ಳೆಯ ಲೂಪ್ ಬಹಳ ಕಿರಿದಾಗಿ ಟ್ಯೂನ್ ಆಗುತ್ತದೆ. 594ರಲ್ಲಿ ಸರಿ ಮಾಡಿ 1566ಕ್ಕೆ ಹೋದರೆ ಅದು ಸತ್ತ ಹಾಗೇ. ಪ್ರತಿ ಫ್ರೀಕ್ವೆನ್ಸಿಗೂ ಗ್ಯಾಂಗ್ ತಿರುಗಿಸಿ ಶಬ್ದ ಉಬ್ಬುವ ಜಾಗ ಹುಡುಕಬೇಕು. ತುಂಬ ನಿಧಾನ, ಕೂದಲೆಳೆಯಷ್ಟು ತಿರುಗಿಸಿ.

ಮೂರನೆಯದು ಸುತ್ತುಗಳ ಸಂಖ್ಯೆ. ಹಳೆ ಸೆಟ್‌ನ ಗ್ಯಾಂಗ್ ಸಾಮಾನ್ಯವಾಗಿ 365 ಪಿಕೋಫ್ಯಾರಡ್, ಕೆಲವು 500. 365ರ ಗ್ಯಾಂಗ್ ಆದರೆ ಸುರುಳಿ 240 ಮೈಕ್ರೋಹೆನ್ರಿ ಇದ್ದಾಗ ಕೆಳಗೆ ಸುಮಾರು 538 ಕಿಲೋಹರ್ಟ್ಜ್ ತನಕ ಹೋಗುತ್ತದೆ. ತಂತಿಯ ಸ್ವಂತ ಕೆಪಾಸಿಟಿ ಸೇರಿ 531ನ್ನೂ ಮುಟ್ಟಬಹುದು. ಮೇಲೆ 1602ಕ್ಕೆ ಬರಲು ಒಟ್ಟು ಕೆಪಾಸಿಟಿ 41 ಪಿಕೋಫ್ಯಾರಡ್‌ಗೆ ಇಳಿಯಬೇಕು. ಸುತ್ತು ಒತ್ತೊತ್ತಾಗಿದ್ದರೆ ಅಷ್ಟು ಇಳಿಯುವುದಿಲ್ಲ, ಬ್ಯಾಂಡಿನ ಮೇಲಿನ ಭಾಗ ಕೈತಪ್ಪುತ್ತದೆ. ಸುತ್ತುಗಳ ನಡುವೆ ಕೆಲವು ಮಿಲಿಮೀಟರ್ ಜಾಗ ಬಿಡಿ. ಗ್ಯಾಂಗ್ ಪೂರ್ತಿ ಮುಚ್ಚಿದರೂ ಕೆಳಗಿನ ಸ್ಟೇಷನ್ ಉಬ್ಬದಿದ್ದರೆ ಒಂದು ಸುತ್ತು ಸೇರಿಸಿ. ಪೂರ್ತಿ ತೆರೆದರೂ ಮೇಲಿನದು ಉಬ್ಬದಿದ್ದರೆ ಒಂದು ಸುತ್ತು ಬಿಚ್ಚಿ. ಮೀಟರ್ ಬೇಕಿಲ್ಲ, ಕಿವಿ ಸಾಕು.

ಡಿಎಸ್‌ಪಿ ಸೆಟ್‌ಗಳಲ್ಲಿ ಇನ್ನೊಂದು ಚಾಳಿ ಇದೆ. ಚಿಪ್ ತನ್ನ ರಾಡನ್ನು ಫ್ರೀಕ್ವೆನ್ಸಿಗೆ ಬಂದ ಕ್ಷಣದಲ್ಲಿ ತಾನೇ ಟ್ಯೂನ್ ಮಾಡಿಕೊಳ್ಳುತ್ತದೆ. ಆಮೇಲೆ ಲೂಪ್ ಹತ್ತಿರ ತಂದರೆ ಆ ಲೆಕ್ಕ ಕೆಡುತ್ತದೆ. ಲೂಪ್ ಇಟ್ಟ ಮೇಲೆ ಒಂದು ಹೆಜ್ಜೆ ಆಚೆ ಹೋಗಿ ವಾಪಸ್ ಬನ್ನಿ.

ಲೂಪ್ ಸರಿಯಾದ ಮೇಲೆ ಅದನ್ನು ಸಿಗ್ನಲ್ ಹೆಚ್ಚಿಸಲು ಮಾತ್ರ ಬಳಸಬೇಡಿ. ಬೇಡದ್ದನ್ನು ಕೊಲ್ಲಲು ಬಳಸಿ. ಚೌಕಟ್ಟಿನ ಅಂಚು ಯಾವ ದಿಕ್ಕಿಗೋ ಆ ದಿಕ್ಕು ಚೆನ್ನಾಗಿ ಕೇಳುತ್ತದೆ, ಆದರೆ ಆ ಗರಿಷ್ಠ ಅಗಲವಾಗಿದೆ, ಸ್ವಲ್ಪ ಆಚೀಚೆ ಆದರೂ ವ್ಯತ್ಯಾಸ ತಿಳಿಯದು. ಕಿಂಡಿ ಎದುರಿಸುವ ದಿಕ್ಕು ಮಾತ್ರ ಚೂಪಾಗಿ ಸಾಯುತ್ತದೆ. ಆ ಚೂಪನ್ನು ಇನ್ವರ್ಟರಿನ ಕಡೆಗೋ, ಅಡ್ಡ ಬರುವ ಹತ್ತಿರದ ಸ್ಟೇಷನ್ ಕಡೆಗೋ ನೆಟ್ಟುಬಿಡಿ. ರೇಡಿಯೊ ಮತ್ತು ಲೂಪ್ ಎರಡನ್ನೂ ಒಂದೇ ಹಲಗೆಯ ಮೇಲಿಟ್ಟು ಒಟ್ಟಿಗೆ ತಿರುಗಿಸುವುದು ಸುಲಭ.

ಮುಂಜಾನೆ ಕೇಳುಗಿ:

ಎಲ್ಲರಿಗೂ ಮನಸಾರೆ ಧನ್ಯವಾದ. ರೇಡಿಯೊ ತಿರುಗಿಸಿ ಇಟ್ಟ ತಕ್ಷಣ ಲೂಪ್ ಜೀವ ಪಡೆಯಿತು! ಮೇಲಿನ ತುದಿ ಮಾತ್ರ 1500ರ ಹತ್ತಿರ ನಿಲ್ಲುತ್ತಿತ್ತು, ಸುತ್ತುಗಳ ನಡುವೆ ಜಾಗ ಬಿಟ್ಟ ಮೇಲೆ ಸರಿಯಾಯಿತು. ಇನ್ವರ್ಟರ್ ಇರುವ ದಿಕ್ಕು ದಕ್ಷಿಣ, ಕಿಂಡಿಯನ್ನು ಅತ್ತ ನೆಟ್ಟರೆ ಗೊರಗೊರ ಬಹಳ ತಗ್ಗುತ್ತದೆ. ನನ್ನ ಅದೃಷ್ಟ, ಹಾಗೆ ಇಟ್ಟಾಗ ಚೌಕಟ್ಟಿನ ಅಂಚು ಪೂರ್ವ ಪಶ್ಚಿಮಕ್ಕೇ ಬರುತ್ತದೆ.

9ರ ಹೆಜ್ಜೆಗೆ ಬಂದ ಮೇಲೆ ಸ್ಟೇಷನ್‌ಗಳು ಬಿಡಿ ಬಿಡಿಯಾಗಿ ನಿಲ್ಲುತ್ತಿವೆ. ಪಶ್ಚಿಮದ ಕಡೆಯಿಂದ ಗೊತ್ತಿಲ್ಲದ ಭಾಷೆಗಳು ಕೇಳಿದವು, ಸೂರ್ಯ ಬಂದ ಮೇಲೂ ಸ್ವಲ್ಪ ಹೊತ್ತು ಇದ್ದವು.

ಈಗ ಉಳಿದದ್ದು ಎರಡು. ಒಂದು, ಸಿಳ್ಳೆ ಇನ್ನೂ ಇದೆ. ಎರಡು, ನಮ್ಮ ಹತ್ತಿರದ ಸ್ಟೇಷನ್ 666ರಲ್ಲಿದೆ. ಅದೇ ಕಾರ್ಯಕ್ರಮ 1332ರಲ್ಲೂ ಸಣ್ಣಗೆ ಕೇಳುತ್ತದೆ. ಬೇರೆ ಊರಿನಿಂದ ಅದನ್ನೇ ಮರುಪ್ರಸಾರ ಮಾಡುತ್ತಿದ್ದಾರಾ?

ಎಸ್‌ಡಿಆರ್ ಕಿಟಕಿ:

ಅಲ್ಲ ಮೇಡಂ. 666ರ ಎರಡರಷ್ಟು 1332. ಅದು ಹಾರ್ಮೋನಿಕ್. ಹತ್ತಿರದ ಜೋರಾದ ಸ್ಟೇಷನ್ ನಿಮ್ಮ ರೇಡಿಯೊದ ಮುಂಭಾಗವನ್ನು ತುಂಬಿ ತುಳುಕಿಸಿದಾಗ ಒಳಗೇ ಹುಟ್ಟುತ್ತದೆ. ಲೂಪ್ ಹಾಕಿದ ಮೇಲೆ ಇಂಥ ದೆವ್ವಗಳು ಜಾಸ್ತಿಯಾಗುವುದು ಸಹಜ. ಇವನ್ನು ಗುರುತಿಸುವುದು ಬಹಳ ಮುಖ್ಯ. ಇಲ್ಲದಿದ್ದರೆ ಸುಳ್ಳು ದಾಖಲೆ ಬರೆದಿಡುತ್ತೇವೆ.

ಪರೀಕ್ಷೆ ಸುಲಭ. ಲೂಪ್ ದೂರ ಸರಿಸಿ, ಅಥವಾ ಸೆಟ್‌ನಲ್ಲಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಇದ್ದರೆ ಹಾಕಿ. ನಿಜವಾದ ಸಿಗ್ನಲ್ ನೀವು ಇಳಿಸಿದಷ್ಟೇ ಇಳಿಯುತ್ತದೆ. ಒಳಗೆ ಹುಟ್ಟಿದ್ದು ಅದಕ್ಕಿಂತ ಬೇಗ ಕುಸಿಯುತ್ತದೆ. ಎರಡನೇ ದರ್ಜೆಯದಾದರೆ (ಈ ಎರಡರಷ್ಟಿನ ಹಾಗೆ) ನೀವು 10 ಡೆಸಿಬೆಲ್ ಇಳಿಸಿದಾಗ ಅದು 20 ಇಳಿಯುತ್ತದೆ, ಮೂರನೇ ದರ್ಜೆಯದು 30. ಎರಡು ಜೋರಾದ ಸ್ಟೇಷನ್ ಇದ್ದರೆ ಅವುಗಳ ಕೂಡುವ, ಕಳೆಯುವ ಲೆಕ್ಕದಲ್ಲೂ ದೆವ್ವ ಬರುತ್ತದೆ. ಹಳೆ ಮಾದರಿಯ 455 ಕಿಲೋಹರ್ಟ್ಜ್ ಐಎಫ್ (ಸೆಟ್ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) ಇರುವ ಸೆಟ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಕೇಳುತ್ತಿರುವ ಜಾಗಕ್ಕಿಂತ ಐಎಫ್‌ನ ಎರಡರಷ್ಟು, 910 ಕಿಲೋಹರ್ಟ್ಜ್ ಮೇಲೆ ಇರುವ ಜೋರು ಸ್ಟೇಷನ್ ಕೆಳಗೆ ನೆರಳಾಗಿ ಬೀಳುತ್ತದೆ. 1503ರದ್ದು 593ರ ಮೇಲೆ ಬಂದು 594ನ್ನು ಕೆಡಿಸಬಹುದು.

ಸಿಳ್ಳೆಗೆ ಬರೋಣ. ಎರಡು ಸ್ಟೇಷನ್‌ಗಳ ಕ್ಯಾರಿಯರ್ (ದನಿಯನ್ನು ಹೊರುವ ಮೂಲ ತರಂಗ) ಒಂದಕ್ಕೊಂದು ಹತ್ತಿರ ಇದ್ದರೆ ನಡುವಿನ ಅಂತರವೇ ಸಿಳ್ಳೆಯಾಗಿ ಕೇಳುತ್ತದೆ. ಪಕ್ಕದ ಚಾನೆಲ್‌ನದಾದರೆ 9 ಕಿಲೋಹರ್ಟ್ಜ್, ಬಹಳ ಕೀರಲು. ಫಿಲ್ಟರ್ ಕಿರಿದು ಮಾಡಿದರೆ ಹೋಗುತ್ತದೆ. ನಿಮ್ಮ ಮಾದರಿಯ ಚಿಪ್‌ಗಳಲ್ಲಿ 6, 4, 3, 2, 1 ಕಿಲೋಹರ್ಟ್ಜ್ ಅಂತ ಬ್ಯಾಂಡ್‌ವಿಡ್ತ್ ಆಯ್ಕೆ ಇರುತ್ತದೆ. ನಾನು 3ರಿಂದ ಶುರು ಮಾಡುತ್ತೇನೆ. 1ಕ್ಕೆ ಇಳಿಸಿದರೆ ಮಾತು ಕಂಬಳಿ ಹೊದ್ದ ಹಾಗಾಗುತ್ತದೆ. ಸ್ಟೇಷನ್ ಇದೆಯೋ ಇಲ್ಲವೋ ನೋಡಲು ಮಾತ್ರ ಅದು ಸಾಕು.

ಸಿಳ್ಳೆ ಕೀರಲಲ್ಲ, ದಪ್ಪ ದನಿಯಲ್ಲಿ ಇದೆ ಅಂದರೆ ಇನ್ನೂ ಕುತೂಹಲ! 9ರ ಸಾಲಿಗೆ ಸೇರದ ಯಾವುದೋ ಕ್ಯಾರಿಯರ್ ಅಲ್ಲಿದೆ ಅಂತ ಅರ್ಥ. ಅದು ಮನೆಯ ಅಡಾಪ್ಟರ್ ಇರಬಹುದು. 10ರ ಸಾಲಿನ ಅಮೆರಿಕದ ಸ್ಟೇಷನ್ ಕೂಡ ಇರಬಹುದು. ಉದಾಹರಣೆಗೆ ನ್ಯೂಯಾರ್ಕಿನ 1130, ನಮ್ಮ ಸಾಲಿನ 1134ರ ಜೊತೆ 4 ಕಿಲೋಹರ್ಟ್ಜ್ ಸಿಳ್ಳೆ ಕೊಡುತ್ತದೆ. ಅದಕ್ಕೇ ಯುರೋಪಿನ ಕೇಳುಗರು ಈ ನಡುವಿನ ಜಾಗಗಳನ್ನೇ ಮೊದಲು ನೋಡುತ್ತಾರೆ. 540, 630, 720, 810 ಹೀಗೆ 90ರ ಗುಣಕಗಳಲ್ಲಿ ಮಾತ್ರ ಎರಡೂ ಸಾಲು ಒಂದರ ಮೇಲೊಂದು ಬೀಳುತ್ತವೆ.

ಒಂದು ಪಕ್ಕದಿಂದ ಗಲಾಟೆ ಇದ್ದರೆ 1 ಕಿಲೋಹರ್ಟ್ಜ್ ಆಚೆ ಸರಿದು ಕೇಳಿ. ಎಸ್‌ಎಸ್‌ಬಿ (ಕ್ಯಾರಿಯರಿನ ಒಂದೇ ಪಕ್ಕ ಕೇಳುವ ಸೌಲಭ್ಯ) ಇರುವ ಸೆಟ್ ಆದರೆ ಗಲಾಟೆ ಇಲ್ಲದ ಕಡೆಯ ಸೈಡ್‌ಬ್ಯಾಂಡ್ ಮಾತ್ರ ತೆಗೆದುಕೊಳ್ಳಿ. ಫೇಡಿಂಗ್‌ನಲ್ಲಿ (ಸಿಗ್ನಲ್ ಏರಿಳಿಯುವಾಗ) ದನಿ ತಿರುಚಿಕೊಳ್ಳುವ ತೊಂದರೆಯೂ ಇದರಿಂದ ಕಡಿಮೆಯಾಗುತ್ತದೆ. ಫೇಡಿಂಗ್ ವೇಳೆ ಕ್ಯಾರಿಯರ್ ಒಂದೇ ಕುಸಿದಾಗ ಸಾಮಾನ್ಯ ಎಎಂ ಡಿಟೆಕ್ಟರ್ ದನಿಯನ್ನು ಹಾಗೆ ಹರಿದುಹಾಕುತ್ತದೆ. ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಗ್ರೇಲೈನ್:

ಮೇಡಂ, ಚೆನ್ನಾಗಿ ಬಂತು! ನಡುವೆ ಕೆಲವು ಬೆಳಗ್ಗೆ ಎಲ್ಲ ಸರಿ ಇದ್ದೂ ಬ್ಯಾಂಡ್ ಸಪ್ಪೆ ಇರುತ್ತದೆ. ಆಗ ಆಂಟೆನಾ ಬಿಚ್ಚಬೇಡಿ, ಮೊದಲು ಕೆ ಸೂಚ್ಯಂಕ ನೋಡಿ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಹೇಳುವ ಅಂಕಿ ಅದು, 0ರಿಂದ 9ರ ತನಕ. 5 ಮುಟ್ಟಿದರೆ ಕಾಂತ ಬಿರುಗಾಳಿ. ಆಗ ಧ್ರುವದ ಹತ್ತಿರ ಹಾದುಬರುವ ದಾರಿಗಳು ಮುಚ್ಚುತ್ತವೆ, ಬಿರುಗಾಳಿ ನಿಂತ ಮೇಲೂ ಕೆಲವು ದಿನ ಸುಧಾರಿಸುವುದಿಲ್ಲ. ಸಮಭಾಜಕದ ಕಡೆಯ ಸ್ಟೇಷನ್‌ಗಳು ಆಗ ಮೇಲೆ ಬರುವುದು ಉಂಟು, ಅವನ್ನು ಹುಡುಕಿ. ಸೂರ್ಯನ ಚಟುವಟಿಕೆ ಏರಿ ಇಳಿಯುವ ಈಗಿನ ಸೌರಚಕ್ರ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಅದು ಗರಿಷ್ಠ ಹಂತಕ್ಕೆ ಬಂದಿದೆ ಅಂತ 2024ರ ಅಕ್ಟೋಬರ್‌ನಲ್ಲಿ ನಾಸಾ ಮತ್ತು ಅಮೆರಿಕದ ಸಾಗರ, ವಾಯುಮಂಡಲ ಸಂಸ್ಥೆ ನೋವಾ ಹೇಳಿದವು. ಮೀಡಿಯಂ ವೇವ್‌ಗೆ ಸೂರ್ಯ ಶಾಂತವಾಗಿರುವ ವರ್ಷಗಳೇ ಒಳ್ಳೆಯವು.

ಸಾಧ್ಯವಾದರೆ ಒಂದು ಸಲ ಸಮುದ್ರದ ದಡಕ್ಕೆ ಹೋಗಿ ಕೇಳಿ. ಉಪ್ಪುನೀರು ಕಡಿಮೆ ಕೋನದ ಸಿಗ್ನಲ್‌ಗೆ ಬಹಳ ಅನುಕೂಲ, ಮನೆಗಳ ಗಲಾಟೆಯೂ ಇರುವುದಿಲ್ಲ. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಕರಾವಳಿಯ ಆರ್ಡ್ರೊಸನ್‌ಗೆ ಹೋಗಿ, ಡೇರೆ ಹಾಕಿ, ಬೆವರೇಜ್ ಆಂಟೆನಾ (ನೆಲಕ್ಕೆ ಸಮಾನಾಂತರವಾಗಿ ಹಾಯುವ ಬಹಳ ಉದ್ದದ ತಂತಿ) ಎಳೆದು ಅಟ್ಲಾಂಟಿಕ್ ಆಚೆಯ ಹವ್ಯಾಸಿಗಳ ಸಿಗ್ನಲ್ ಕೇಳಿದರು. ಅದು ಇವತ್ತಿನ ಮೀಡಿಯಂ ವೇವ್ ಬ್ಯಾಂಡಿನೊಳಗೇ ಬೀಳುವ ತರಂಗ.

ಮುಂಜಾನೆ ಕೇಳುಗಿ:

ಕೊನೆಯ ಪ್ರಶ್ನೆ. ಭಾಷೆ ಗೊತ್ತಿಲ್ಲದಾಗ ಯಾವ ಸ್ಟೇಷನ್ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಪಟ್ಟಿಯಲ್ಲಿ ಒಂದೇ ಫ್ರೀಕ್ವೆನ್ಸಿಗೆ ಹತ್ತಾರು ಹೆಸರು ಇವೆ.

ಹಳೆ ವಾಲ್ವ್:

ಪಟ್ಟಿ ಹೊಸದೋ ಅಂತ ಮೊದಲು ನೋಡಿ. ಎಷ್ಟೋ ದೇಶ ಮೀಡಿಯಂ ವೇವ್ ನಿಲ್ಲಿಸಿವೆ. ಜರ್ಮನಿಯ ದೊಡ್ಡ ಸ್ಟೇಷನ್‌ಗಳು 2015ರ ಕೊನೆಗೆ ಹೋದವು. ಬಿಬಿಸಿ ರೇಡಿಯೊ 4ರ ಮೀಡಿಯಂ ವೇವ್ 2024ರಲ್ಲಿ ನಿಂತಿತು. ಹಳೆ ಪಟ್ಟಿ ಹಿಡಿದರೆ ಇಲ್ಲದವರನ್ನು ಕೇಳಿದೆವು ಅಂತ ಬರೆಯುತ್ತೇವೆ. ಎಂಡಬ್ಲ್ಯೂಲಿಸ್ಟ್ ತಾಣದ ಪಟ್ಟಿ ನೋಡಿ.

ಗಂಟೆ ತುಂಬುವ ಹೊತ್ತನ್ನು ಬಿಡಲೇಬೇಡಿ. ಸ್ಟೇಷನ್ ಹೆಸರು, ಸಮಯದ ಸದ್ದು, ಸುದ್ದಿ ಸಾಮಾನ್ಯವಾಗಿ ಆಗಲೇ ಬರುವುದು. ಐದು ಚಿಕ್ಕ ಸದ್ದು, ಆರನೆಯದು ಉದ್ದ ಅಂದರೆ ಬಿಬಿಸಿ ಇರಬಹುದು, ಆದರೆ ಇಂಥದ್ದನ್ನು ಬೇರೆಯವರೂ ಬಳಸುತ್ತಾರೆ. ಅದೊಂದನ್ನೇ ನಂಬಬೇಡಿ. ಬೆಳಗಿನ ಪ್ರಸಾರ ಶುರು ಮಾಡುವ ಸ್ಟೇಷನ್ ಕೆಲವೊಮ್ಮೆ ರಾಷ್ಟ್ರಗೀತೆ ಹಾಕುತ್ತದೆ, ಅದು ಗಟ್ಟಿ ಸುಳಿವು.

ನನಗೆ ಹೆಚ್ಚು ನಂಬಿಕೆ ಇರುವ ದಾರಿ ಹೋಲಿಕೆ. ಅನುಮಾನ ಇರುವ ಸ್ಟೇಷನ್‌ನ ಹತ್ತಿರ ಇರುವ ಕಿವಿಎಸ್‌ಡಿಆರ್ ಅಥವಾ ವೆಬ್‌ಎಸ್‌ಡಿಆರ್ (ದೂರದಿಂದ ಬಳಸಬಹುದಾದ ಬೇರೆಯವರ ರೇಡಿಯೊ) ಅನ್ನು ಇಂಟರ್‌ನೆಟ್‌ನಲ್ಲಿ ತೆರೆದು, ಅದೇ ಫ್ರೀಕ್ವೆನ್ಸಿ ಹಾಕಿ. ಅಲ್ಲಿನ ದನಿ, ನಿಮ್ಮ ರೇಡಿಯೊ ದನಿ ಒಂದೇ ಆದರೆ ಮುಗಿಯಿತು. ಇಂಟರ್‌ನೆಟ್ ದನಿ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ, ಅದು ಗಮನದಲ್ಲಿರಲಿ. ಆದರೆ ಒಂದು ಮಾತು. ಇದನ್ನು ಖಚಿತಪಡಿಸಿಕೊಳ್ಳಲು ಮಾತ್ರ ಬಳಸಿ. ಇನ್ನೊಬ್ಬರ ಆಂಟೆನಾದಲ್ಲಿ ಕೇಳಿದ್ದು ನಿಮ್ಮ ದಾಖಲೆ ಅಲ್ಲ.

ಕೇಳಿದ್ದನ್ನೆಲ್ಲ ಫೋನಿನಲ್ಲಾದರೂ ರೆಕಾರ್ಡ್ ಮಾಡಿ. ಆ ಕ್ಷಣದಲ್ಲಿ ಅರ್ಥವಾಗದ್ದು ಆಮೇಲೆ ನಾಲ್ಕು ಸಲ ಕೇಳಿದರೆ ಹೊಳೆಯುತ್ತದೆ, ಭಾಷೆ ಬಲ್ಲವರಿಗೂ ಕಳಿಸಬಹುದು. ಫೋನನ್ನು ಲೂಪ್‌ನಿಂದ ಒಂದೆರಡು ಅಡಿ ದೂರ ಇಡಿ.

ಎಸ್‌ಡಿಆರ್ ಕಿಟಕಿ:

ಮುಂದೆ ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸಿ ಸಾಫ್ಟ್‌ವೇರಿನಿಂದ ನಡೆಸುವ ರೇಡಿಯೊ) ತೆಗೆದುಕೊಂಡರೆ ಇಡೀ ಬ್ಯಾಂಡನ್ನೇ ರೆಕಾರ್ಡ್ ಮಾಡಿಕೊಂಡು ಹಗಲಲ್ಲಿ ಕೂತು ಹುಡುಕಬಹುದು. ಜಾಗ ಮಾತ್ರ ಜಾಸ್ತಿ ಬೇಕು. 16 ಬಿಟ್‌ನಲ್ಲಿ 1.25 ಮೆಗಾಹರ್ಟ್ಜ್ ಅಗಲಕ್ಕೆ ಗಂಟೆಗೆ 18 ಗಿಗಾಬೈಟ್. ಹಾಗಾಗಿ ಗಂಟೆ ತುಂಬುವ ಮುಂಚಿನ ಎರಡು, ಆಮೇಲಿನ ಮೂರು ನಿಮಿಷ ಮಾತ್ರ ಉಳಿಸಿಕೊಳ್ಳಿ. ಕಂಪ್ಯೂಟರ್ ಗಡಿಯಾರ ಇಂಟರ್‌ನೆಟ್ ಸಮಯಕ್ಕೆ ಹೊಂದಿರಲಿ.

ಮುಂಜಾನೆ ಕೇಳುಗಿ:

ಸರಿ. ಟೋಕಿಯೊ ಸೂರ್ಯೋದಯ ಲೆಕ್ಕ ಹಾಕಿ 594ಕ್ಕೆ ಅಲಾರಂ ಇಟ್ಟಿದ್ದೇನೆ. ದಾಖಲೆಯಲ್ಲಿ ತಾರೀಕು ನಮ್ಮದು ಬರೆಯಬೇಕಾ, ಯುಟಿಸಿಯದಾ? ಆ ಹೊತ್ತಿಗೆ ನಮಗೆ ಮರುದಿನ ಆಗಿರುತ್ತದೆ.

ಹಳೆ ವಾಲ್ವ್:

ಸಮಯ ಯುಟಿಸಿ ಆದರೆ ತಾರೀಕೂ ಯುಟಿಸಿಯದ್ದೇ. 21:47 ಯುಟಿಸಿ ಅಂತ ಬರೆದು ಪಕ್ಕದಲ್ಲಿ ನಿಮ್ಮ ಮರುದಿನದ ತಾರೀಕು ಹಾಕಿದರೆ ಪೂರ್ತಿ ಒಂದು ದಿನ ತಪ್ಪುತ್ತದೆ. ಸ್ಟೇಷನ್‌ಗೆ ವರದಿ ಕಳಿಸಿದಾಗ ಅವರ ಕಾರ್ಯಕ್ರಮ ಪಟ್ಟಿಗೆ ಅದು ಹೊಂದುವುದಿಲ್ಲ. 594 ಸಿಕ್ಕರೂ ಸಿಗದಿದ್ದರೂ ಇಲ್ಲಿ ಬರೆಯಿರಿ, ಆ ಹೊತ್ತಿನ ಕೆ ಸೂಚ್ಯಂಕದ ಜೊತೆಗೆ.